ನೋಡಿದ್ದೀನಿ ಸರ್, ಮಾಡಿಲ್ಲ

ಇವತ್ತು ರಾಜಕೀಯವನ್ನು ಸ್ವಲ್ಪ ಪಕ್ಕಕ್ಕಿಡೋಣ. ನಿಮ್ಮ ಮನೆಯಲ್ಲಿ ಡಿಗ್ರಿ ಓದುವ ಮಕ್ಕಳಿದ್ದರೆ ಈ ಮಾತು ನಿಮಗೆ.

ಹೋದ ವಾರ ನಮ್ಮ ಚಾನೆಲ್‌ಗೆ ಟ್ರೈನಿ ಕೆಲಸ ಕೇಳಿಕೊಂಡು ಒಬ್ಬ ಹುಡುಗ ಬಂದಿದ್ದ. ಓದಿದ್ದು ಪತ್ರಿಕೋದ್ಯಮ. ಫೈಲ್ ತುಂಬ ಆನ್‌ಲೈನ್ ಕೋರ್ಸ್‌ಗಳ ಸರ್ಟಿಫಿಕೇಟ್. ವಿಡಿಯೋ ಎಡಿಟಿಂಗ್‌ದೂ ಒಂದಿತ್ತು. ಕಂಪ್ಯೂಟರ್ ಮುಂದೆ ಕೂರಿಸಿ, 'ಈ 2 ನಿಮಿಷದ ದೃಶ್ಯವನ್ನು 30 ಸೆಕೆಂಡಿಗೆ ಇಳಿಸಪ್ಪಾ' ಅಂದೆ. ಮೌಸ್ ಹಿಡಿದವನು ಹಾಗೇ ಕೂತ. ಕೊನೆಗೆ ಮೆಲ್ಲಗೆ ಹೇಳಿದ: 'ವಿಡಿಯೋದಲ್ಲಿ ನೋಡಿದ್ದೀನಿ ಸರ್, ಮಾಡಿಲ್ಲ. ಕಾಲೇಜಲ್ಲಿ ಕಂಪ್ಯೂಟರ್ ಇತ್ತು. ಆದ್ರೆ ಆ ರೂಮಿಗೆ ಯಾವಾಗ್ಲೂ ಬೀಗ.'

ತಪ್ಪು ಯಾರದು, ನೀವೇ ಹೇಳಿ.

ಬ್ಲೆಂಡೆಡ್ ಲರ್ನಿಂಗ್ ಅಂತ ಒಂದು ಮಾತಿದೆ. ಮಿಶ್ರ ಕಲಿಕೆ. 2021ರ ಮೇ ತಿಂಗಳಲ್ಲಿ ಯುಜಿಸಿ ಒಂದು ಕರಡು ಟಿಪ್ಪಣಿ ಹೊರಡಿಸಿತು. ಪಾಠದಲ್ಲಿ ಶೇ. 40ರವರೆಗೆ ಆನ್‌ಲೈನ್, ಉಳಿದದ್ದು ತರಗತಿಯಲ್ಲಿ ಎಂಬ ಲೆಕ್ಕ. ಸ್ವಯಂ ಪೋರ್ಟಲ್ 2017ರಿಂದಲೇ ಇದೆ. ಐಐಟಿ ಪ್ರಾಧ್ಯಾಪಕರ ಪಾಠವನ್ನು ಹಳ್ಳಿಯ ಹುಡುಗಿಯೂ ಪುಕ್ಕಟೆ ಕೇಳಬಹುದು. ಒಳ್ಳೆಯದೇ. ನಾನು ಇದರ ವಿರೋಧಿ ಅಲ್ಲ.

ಆದರೆ ಮಿಶ್ರಣ ಅಂದರೇನು? ಪಾಠವನ್ನು ಮನೆಯಲ್ಲಿ ಕೇಳಿಕೊಂಡು ಬಾ, ಕಾಲೇಜಿನಲ್ಲಿ ಕೈಯಾರೆ ಮಾಡು. ತಪ್ಪು ಮಾಡು, ಮೇಷ್ಟ್ರು ತಿದ್ದಲಿ. ಅಂದರೆ ಮೇಷ್ಟ್ರ ಕೆಲಸ ಕಮ್ಮಿಯಾಗಲ್ಲ, ಜಾಸ್ತಿಯಾಗುತ್ತೆ. ನಮ್ಮಲ್ಲಿ ಆಗುತ್ತಿರೋದು ಉಲ್ಟಾ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಸಾವಿರಾರು ಅತಿಥಿ ಉಪನ್ಯಾಸಕರ ಮೇಲೆ ನಿಂತಿವೆ. ಅವರ ನೇಮಕ ತಡವಾಯಿತೋ, ಪಾಠ ಇಲ್ಲ. ಆಗ ವಾಟ್ಸಾಪ್ ಗ್ರೂಪಿಗೆ ಒಂದು ಲಿಂಕ್ ಬಿದ್ದರೆ ಅದೇ ಕಲಿಕೆ! ದಡದ ಮೇಲೆ ಕೂತು ಈಜು ಕಲಿಯೋಕಾಗುತ್ತಾ?

ಡಿಗ್ರಿ ಮುಗಿಸಿ ಕೆಲಸ ಸಿಗದವರಿಗೆ ಯುವನಿಧಿಯಲ್ಲಿ ತಿಂಗಳಿಗೆ 3,000 ರೂಪಾಯಿ, ಎರಡು ವರ್ಷ. ಕೊಡಲಿ, ಬೇಡ ಅನ್ನಲ್ಲ. ಆದರೆ ಓದುವಾಗಲೇ ಆ ರೂಮಿನ ಬೀಗ ತೆಗೆದಿದ್ದರೆ ಎಷ್ಟು ಮಕ್ಕಳಿಗೆ ಆ ಹಣದ ಅಗತ್ಯವೇ ಬರುತ್ತಿರಲಿಲ್ಲ?

ಅಪ್ಪ ಅಮ್ಮಂದಿರಿಗೆ ಒಂದು ಮಾತು. ಕಾಲೇಜಿಗೆ ಹೋದಾಗ ಮಾರ್ಕ್ಸ್ ಒಂದೇ ಕೇಳಬೇಡಿ. ಲ್ಯಾಬ್ ವಾರಕ್ಕೆ ಎಷ್ಟು ಗಂಟೆ ತೆಗೆದಿರುತ್ತೆ, ನಮ್ಮ ಮಗು ಅಲ್ಲಿ ಏನು ಮಾಡಿದೆ, ಅದನ್ನು ಕೇಳಿ.

ಆ ಹುಡುಗನಿಗೆ ದಿನಾ ಸಂಜೆ ಬಂದು ನಮ್ಮ ಎಡಿಟರ್ ಪಕ್ಕ ಕೂತು ಕಲಿ ಅಂದಿದ್ದೇನೆ. ಬರುತ್ತಿದ್ದಾನೆ. ಒಬ್ಬನಿಗಾಯಿತು. ಉಳಿದವರಿಗೆ?