ಕಡಲಾಚೆಯ ಮಡಿಲು

ಸೂಳೆಕೆರೆ ಕಟ್ಟಿಸಿದ ಶಾಂತವ್ವೆಯ ಕಥೆ ಚನ್ನಗಿರಿ ಸೀಮೆಯಲ್ಲಿ ಮನೆಮಾತು. ಗಂಡುಸಂತಾನವಿಲ್ಲದ ಅವಳ ತಂದೆ ವಿಕ್ರಮರಾಯ ಗೌಡನೊಬ್ಬನ ಮಗನನ್ನು ದತ್ತು ತೆಗೆದುಕೊಂಡ ಪ್ರಸಂಗವೂ ಆ ಸ್ಥಳಪುರಾಣದಲ್ಲಿದೆ. ಅಲ್ಲಿ ಬೇಕಾಗಿದ್ದುದು ಮನೆತನಕ್ಕೊಬ್ಬ ವಾರಸುದಾರ. ಇಂದು ಕಡಲಾಚೆಯ ದಂಪತಿ ನಮ್ಮ ದತ್ತು ಕೇಂದ್ರದ ಬಾಗಿಲಿಗೆ ಬಂದಾಗ ಕಾನೂನು ನೋಡುವುದು ಮಗುವಿನ ಅಗತ್ಯವನ್ನು. ಇದೇ ಸರಿ ಎಂಬುದು ನನ್ನ ದೃಢವಾದ ನಂಬಿಕೆ.

ವಿದೇಶಿ ದತ್ತಿನ ಕುರಿತ ವಕೀಲ ಲಕ್ಷ್ಮೀಕಾಂತ ಪಾಂಡೆಯವರ ಪತ್ರವನ್ನೇ ಅರ್ಜಿಯಾಗಿ ಸ್ವೀಕರಿಸಿದ ಸುಪ್ರೀಂ ಕೋರ್ಟ್, 1984ರಲ್ಲಿ ಮಗುವಿಗೆ ಮೊದಲು ದೇಶದೊಳಗೇ ಮನೆ ಹುಡುಕಬೇಕೆಂದು ವಿಧಿಸಿತು. 2003ರಲ್ಲಿ ಭಾರತ, ದೇಶಗಳ ನಡುವಿನ ದತ್ತಿಗೆ ಸಂಬಂಧಿಸಿದ ಹೇಗ್ ಒಪ್ಪಂದವನ್ನು ಅನುಮೋದಿಸಿತು. ಹೆತ್ತವರು ತಾವಾಗಿ ಒಪ್ಪಿಸಿದ ಮಗುವಾದರೆ, ಮನಸ್ಸು ಬದಲಿಸಲು ಅವರಿಗೆ ಎರಡು ತಿಂಗಳ ಅವಕಾಶವಿದೆ. ಬಡತನಕ್ಕೋ ಊರವರ ಮಾತಿಗೋ ಹೆದರಿ ಸಹಿ ಹಾಕಿದ ತಾಯಿಗೆ ಆ ದಿನಗಳು ಎಷ್ಟು ದೊಡ್ಡವು! ಕಾಗದಪತ್ರ ಓಡಾಡುವಷ್ಟರಲ್ಲಿ ಮಗು ತೊಟ್ಟಿಲಲ್ಲೇ ಬೆಳೆದುಬಿಡುತ್ತದೆ ಎಂಬ ಆಕ್ಷೇಪ ನಿಜವಾದದ್ದೇ. ಕಚೇರಿಯ ಆಲಸ್ಯದಿಂದಾಗುವ ತಡಕ್ಕೆ ಕ್ಷಮೆಯಿಲ್ಲ; ಆದರೆ ಹೆತ್ತವರು ಯೋಚಿಸಲು, ಅಥವಾ ಯಾರೋ ಬಿಟ್ಟುಹೋದ ಮಗುವಾದರೆ ಅವರನ್ನು ಹುಡುಕಲು, ಹಿಡಿಯುವ ಸಮಯ ಬೇರೆ. ಅದನ್ನು ಕತ್ತರಿಸಿದರೆ ಮಗು ಸರಕಾಗುತ್ತದೆ.

ಪರದೇಶಕ್ಕೆ ಹೋದ ಮಗು ನುಡಿ ಕಳೆದುಕೊಳ್ಳುತ್ತದೆ ಎನ್ನುವವರಿದ್ದಾರೆ. ಆ ನಷ್ಟ ಸಣ್ಣದಲ್ಲ. ಆದರೆ ವಿಶೇಷ ಆರೈಕೆ ಬೇಕಾದ, ವಯಸ್ಸು ಮೀರಿದ ಮಕ್ಕಳನ್ನು ನಮ್ಮಲ್ಲಿ ಕೇಳುವವರು ಕಡಿಮೆ. ಕನ್ನಡ ಕೇಳಿಸುವ ಅನಾಥಾಲಯಕ್ಕಿಂತ ಅಮ್ಮ ಎನ್ನಲು ಒಬ್ಬರಿರುವ ಮನೆ ಆ ಮಗುವಿಗೆ ಮೇಲು. ಮುಂದೊಮ್ಮೆ ತನ್ನ ಬೇರು ಹುಡುಕಿಕೊಂಡು ಬಂದರೆ ತೋರಿಸಲು, ಅದರ ಕಡತವನ್ನು ಮಾತ್ರ ನಾವು ಜೋಪಾನವಾಗಿಡಬೇಕು.