ಲೇಜಿಮಿನ ಸಾಲು ತಪ್ಪಿದವರು

ಕೊಲ್ಲಾಪುರದವರ ಮುಂದೆ ಲಯದ ಮಾತಾಡಲು ಧೈರ್ಯ ಬೇಕು. ಅಲ್ಲಾದಿಯಾ ಖಾನರು ಹಾಡಿದ ಊರು ಇದು. ಅವರ ಮಗ ಬುರ್ಜಿ ಖಾನರ ಹತ್ತಿರ ನಮ್ಮ ಮಲ್ಲಿಕಾರ್ಜುನ ಮನ್ಸೂರರು ಕಲಿತರು. ಆ ಚರಿತ್ರೆ ನಿಮಗೇ ಗೊತ್ತಿದೆ, ಬಿಡಿ. ನನ್ನ ತಕರಾರು ಶಾಲೆಯ ಅಂಗಳದ್ದು: ಲೇಜಿಮು ಆಡಿಸುವಾಗ ಹೆಜ್ಜೆ ತಪ್ಪುವ ಮಗುವನ್ನು ಸಾಲಿನಿಂದ ಏಕೆ ತೆಗೆಯುತ್ತೀರಿ?

ಶಾಲೆಗೆ ಹೋಗುವ ನೂರು ಮಕ್ಕಳಲ್ಲಿ ಸುಮಾರು 5-6 ಮಂದಿಗೆ ಚಲನೆಯ ಹೊಂದಾಣಿಕೆಯ ತೊಂದರೆ ಇರುತ್ತದೆ. ಬುದ್ಧಿಗೆ ಕೊರತೆಯಿಲ್ಲ, ಆದರೂ ಅಂಗಿಯ ಗುಂಡಿ ಹಾಕಲು, ಚೆಂಡು ಹಿಡಿಯಲು, ನೇರ ಸಾಲಿನಲ್ಲಿ ಬರೆಯಲು ತಿಣುಕುತ್ತಾರೆ. ಸೋಮಾರಿ ಎಂಬ ಬಿರುದು ಪುಕ್ಕಟೆ.

ಇವರ ಹೆಜ್ಜೆ ಏಕೆ ತಪ್ಪುತ್ತದೆ? ತಾಳದ ಮೊದಲ ಏಟಾದ ಸಮ್ ಬರುವ ಮುಂಚೆಯೇ ಬಲ್ಲ ಕೇಳುಗನ ತಲೆ ಅತ್ತ ವಾಲಿರುತ್ತದೆ, ನೋಡಿದ್ದೀರಿ. ಪ್ರಯೋಗಶಾಲೆಯಲ್ಲೂ ಅದೇ. ಒಂದೇ ಅಂತರದ ಟಿಕ್ ಟಿಕ್ ಸದ್ದಿಗೆ ತಟ್ಟಲು ಹೇಳಿದರೆ, ದೊಡ್ಡವರ ಬೆರಳು ಸಾಮಾನ್ಯವಾಗಿ ಸದ್ದಿಗಿಂತ ತುಸು ಮೊದಲೇ ಬೀಳುತ್ತದೆ. ಮುಂದಿನ ಏಟನ್ನು ಮನಸ್ಸು ಆಗಲೇ ಎಣಿಸಿಟ್ಟಿರುತ್ತದೆ. ಹೊಂದಾಣಿಕೆಯ ತೊಂದರೆ ಇರುವ ಮಕ್ಕಳ ತಟ್ಟು ಒಮ್ಮೆ ಬೇಗ, ಒಮ್ಮೆ ತಡ. ಲೇಜಿಮಿನಲ್ಲಿ ಇಂಥ ಮಗು ಹಲಗಿ ವಾದ್ಯದ ಸದ್ದು ಬಿಟ್ಟು ಪಕ್ಕದವನ ಕಾಲು ನೋಡುತ್ತದೆ. ನೋಡಿ ಹಾಕಿದ ಹೆಜ್ಜೆ ತಡವಾಗದೆ ಇನ್ನೇನಾದೀತು?

ಇಚಲಕರಂಜಿಯವರೊಬ್ಬರು ಕೇಳಿದರು: ಮಗ್ಗದ ಖಟಖಟದಲ್ಲೇ ಬೆಳೆದ ನಮ್ಮ ಮಕ್ಕಳಿಗೆ ಲಯ ತಾನಾಗಿ ಬರಬೇಕಲ್ಲ? ಅಲ್ಲಿಗೆ ಮೊದಲ ಪವರ್‌ಲೂಮ್ ಬಂದದ್ದು 1904ರಲ್ಲಿ, ಸದ್ದಿಗೆ ಬರವಿಲ್ಲ. ಆದರೆ ಒಂದೇ ಶೆಡ್ಡಿನ ಮಗ್ಗಗಳು ಒಂದಕ್ಕೊಂದು ಹೊಂದಿಕೊಂಡು ಓಡುವುದಿಲ್ಲ. ಮಗು ಯಾವ ಮಗ್ಗದ ಏಟಿಗೆ ಕಾಯಬೇಕು?

ಗಡಹಿಂಗ್ಲಜ ಕಡೆಯ ನಮ್ಮ ಡ್ರಿಲ್ ಮಾಸ್ತರರು ಇಂಥದೇನೂ ಓದಿದವರಲ್ಲ. ಹೆಜ್ಜೆ ತಪ್ಪುವ ಹುಡುಗನ ಲೇಜಿಮು ಇಸಿದುಕೊಂಡು ಅವನನ್ನು ಹಲಗಿಯವನ ಮಗ್ಗುಲಿಗೆ ನಿಲ್ಲಿಸೋರು. "ಬರೇ ಕಾಲು ಹಾಕೋ ತಮ್ಮಾ, ಬಾಯಿಲೆ ಎಣಸು." ಹಲಗಿಯನ್ನು ಮಾತ್ರ ನಿಧಾನ ಮಾಡಿಸುತ್ತಿರಲಿಲ್ಲ. ನನಗೆ ಹಿಡಿಸಿದ್ದು ಅದೇ. ಪಾಪ ಅಂತ ಲಯ ಇಳಿಸುವವರೇ ಹೆಚ್ಚು. ಏಟುಗಳ ನಡುವಿನ ಅಂತರ ತೀರ ಹಿಗ್ಗಿದರೆ ಮುಂದಿನ ಏಟನ್ನು ಹಿಡಿಯುವುದು ಎಲ್ಲರಿಗೂ ಕಷ್ಟ. ವಿಲಂಬಿತ ಹಾಡುವವರನ್ನು ಕೇಳಿ. ಆ ಖಾಲಿಯನ್ನು ತಬಲಾದವರು ಬೋಲಿನಿಂದ ತುಂಬುತ್ತಾರೆ, ಮಾಸ್ತರರು ಎಣಿಕೆಯಿಂದ ತುಂಬಿಸಿದರು.

ಲಯದಿಂದ ಕಲಿಸುವ ಈ ಮಾತನ್ನು ಚಿಕಿತ್ಸಕರು ಪೂರಾ ಒಪ್ಪುವುದಿಲ್ಲ. ಗುಂಡಿ ಹಾಕಲು ಬರಬೇಕಾದರೆ ಗುಂಡಿಯನ್ನೇ ಹಾಕಿಸಿ ಕಲಿಸಿ ಎನ್ನುತ್ತಾರೆ. ಈ ತೊಂದರೆಯ ಕುರಿತ 2019ರ ಅಂತರರಾಷ್ಟ್ರೀಯ ಶಿಫಾರಸುಗಳ ಒಲವೂ ಅತ್ತಲೇ. ಹಾಗಾದರೆ ಹಲಗಿಗೆ ಕುದುರಿದ ಕಾಲು ಪೆನ್ನು ಹಿಡಿದ ಕೈಗೆ ಏನಾದರೂ ಕೊಟ್ಟೀತೇ? ಕೊಟ್ಟೀತು ಎನ್ನಲು ಮನಸ್ಸು ಎಳೆಯುತ್ತದೆ, ಪುರಾವೆ ಸಾಲದು. ಏನೂ ಕೊಡದಿದ್ದರೆ ಆ ಮಗು ಲೇಜಿಮು ಆಡಬಾರದೇ?

ಸಭೆಯಲ್ಲಿ ಶಿಕ್ಷಕರಿದ್ದರೆ ಒಂದು ವಿನಂತಿ. ಬರುವ ಜನವರಿ 26ರ ಲೇಜಿಮಿಗೆ ಯಾರನ್ನೂ ಹೊರಗಿಡಬೇಡಿ. ಹಲಗಿಯ ಪಕ್ಕ ನಿಲ್ಲಿಸಿ ನೋಡಿ. ಆಮೇಲೆ ಬೇಕಾದರೆ ನನ್ನೊಡನೆ ಜಗಳಕ್ಕೆ ಬನ್ನಿ.