ಲ್ಯಾಕ್ಸ್ಟನ್ನಿನ ಬಯಲು, ನಮ್ಮೂರ ಗೋಮಾಳ



ಇಂಗ್ಲೆಂಡ್ ಎಂದೊಡನೆ ನಮಗೆ ಲಂಡನ್ ನೆನಪಾಗುತ್ತದೆ. ನಾನಿಂದು ಹೇಳಹೊರಟಿರುವುದು ನಾಟಿಂಗ್‌ಹ್ಯಾಮ್‌ಶೈರಿನ ಲ್ಯಾಕ್ಸ್ಟನ್ ಎಂಬ ಪುಟ್ಟ ಹಳ್ಳಿಯ ಕಥೆ.

ಮಧ್ಯಯುಗದ ಇಂಗ್ಲೆಂಡಿನ ಬಹುಭಾಗದಲ್ಲಿ ಬೇಸಾಯ ನಡೆಯುತ್ತಿದ್ದುದು ಬೇಲಿಯಿಲ್ಲದ ಬಯಲುಗಳಲ್ಲಿ. ಒಬ್ಬೊಬ್ಬ ರೈತನಿಗೂ ಪ್ರತಿ ಬಯಲಿನಲ್ಲಿ ಅಲ್ಲಲ್ಲಿ ಚದುರಿದ ಪಟ್ಟಿಗಳು. ಹೀಗಾಗಿ ಒಳ್ಳೆಯ ಮಣ್ಣೂ ಕೆಟ್ಟ ಮಣ್ಣೂ ಎಲ್ಲರ ಪಾಲಿಗೂ ಬರುತ್ತಿದ್ದವು. ಒಂದು ಬಯಲಿಗೆ ಗೋಧಿ, ಇನ್ನೊಂದಕ್ಕೆ ವಸಂತದ ಬೆಳೆ, ಮೂರನೆಯದು ಬೀಳು. ಸುಗ್ಗಿಯ ನಂತರ ಊರ ದನಕುರಿಗಳಿಗೆ ಕೂಳೆಯ ಮೇವು. ಆಮೇಲೆ ಬೇಲಿಗಳು ಬಂದವು. 1604ರಿಂದ 1914ರವರೆಗೆ ಪಾರ್ಲಿಮೆಂಟು ಐದು ಸಾವಿರಕ್ಕೂ ಹೆಚ್ಚು ಕಾಯಿದೆಗಳ ಮೂಲಕ ಸುಮಾರು 68 ಲಕ್ಷ ಎಕರೆಗೆ ಬೇಲಿ ಹಾಕಿಸಿತು. ಮೇವಿನ ಹಕ್ಕನ್ನೇ ನಂಬಿದ್ದ ಬಡವರು ಅನೇಕರು ಬರಿಯ ಕೂಲಿಗಳಾದರು.

ಲ್ಯಾಕ್ಸ್ಟನ್ನಿನಲ್ಲಿ ಪಶ್ಚಿಮದ ಬಯಲು, ಗಿರಣಿ ಬಯಲು, ದಕ್ಷಿಣದ ಬಯಲು ಇಂದಿಗೂ ಉಳಿದಿವೆ. 1635ರಲ್ಲಿ ಮಾರ್ಕ್ ಪಿಯರ್ಸ್ ಬರೆದ ನಕ್ಷೆಯಲ್ಲಿ ಅವುಗಳ ಪಟ್ಟಿಗಳೆಲ್ಲ ಕಾಣುತ್ತವೆ. ಪ್ರತಿ ನವೆಂಬರಿನ ಕೊನೆಯಲ್ಲಿ ಊರ ರೈತರೇ ಪಂಚರಾಗಿ ಗೋಧಿ ಬಿತ್ತಿದ ಬಯಲನ್ನು ಸುತ್ತುತ್ತಾರೆ. ಗಡಿಗೆ ಗೂಟ ಹೊಡೆಯುತ್ತಾರೆ. ಯಾರ ಉಳುಮೆ ದಾರಿಯನ್ನೋ ಹುಲ್ಲುಗಾವಲನ್ನೋ ಒತ್ತಿದೆಯೆಂದು ಬರೆದುಕೊಳ್ಳುತ್ತಾರೆ. ವಾರದ ಬಳಿಕ ಊರ ಪಬ್ಬಿನಲ್ಲಿ ‘ಕೋರ್ಟ್ ಲೀಟ್’ ಎಂಬ ಪುರಾತನ ನ್ಯಾಯಸಭೆ ಸೇರಿ ದಂಡ ವಿಧಿಸುತ್ತದೆ. ದಂಡ ಅಲ್ಪ, ನೆರೆಯವರ ಮುಂದೆ ಹೆಸರು ಬರುವುದೇ ದೊಡ್ಡದು.

ಇದನ್ನು ರಾಮರಾಜ್ಯವೆಂದು ನಾನು ಬಣ್ಣಿಸಲಾರೆ. ಆ ಸಭೆ ಮೂಲತಃ ಜಮೀನ್ದಾರನದು. ರೈತರು ಬಹುಮಟ್ಟಿಗೆ ಇಂದೂ ಗೇಣಿದಾರರೇ. ಬಹುಪಾಲು ಜಮೀನು 1952ರಲ್ಲಿ ಕೃಷಿ ಸಚಿವಾಲಯಕ್ಕೆ, 1981ರಲ್ಲಿ ಕ್ರೌನ್ ಎಸ್ಟೇಟಿಗೆ, 2020ರಲ್ಲಿ ಮರಳಿ ಹಳೆಯ ಒಡೆಯರ ಥೋರ್ಸ್‌ಬಿ ಎಸ್ಟೇಟಿಗೆ ಸೇರಿತು. ಒಡೆಯರು ಬದಲಾದರು, ಬಯಲು ಸುತ್ತುವ ಪದ್ಧತಿ ಅಳಿಯಲಿಲ್ಲ.

ಬಂಧುಗಳೇ, ನಾನು ಊರು ಬಿಟ್ಟಾಗ ನಮ್ಮ ಗೋಮಾಳದಲ್ಲಿ ದನ ಮೇಯುತ್ತಿದ್ದವು. ಈಗ ಅದರ ಗಡಿಗಲ್ಲುಗಳನ್ನು ತೋರಿಸಬಲ್ಲ ಹಿರಿಯರು ಒಬ್ಬಿಬ್ಬರು. ಒತ್ತುವರಿ ಮಾಡಿದವರನ್ನು ದೂರುವುದು ಸುಲಭ. ಆದರೆ ಸುತ್ತಿ ನೋಡಬೇಕಾದವರಲ್ಲಿ ನಾನೂ ಒಬ್ಬನಲ್ಲವೇ? ಪ್ರತಿ ಸಲವೂ ಜಾತ್ರೆಯೋ ಮದುವೆಯೋ ಮುಗಿಯುತ್ತಲೇ ರಾತ್ರಿಯ ಬಸ್ಸು ಹಿಡಿದು ಬಂದವನು ನಾನು. ಮುಂದಿನ ಸಲ ಒಂದು ದಿನ ಹೆಚ್ಚು ಉಳಿದು, ಆ ಹಿರಿಯರೊಡನೆ ಗೋಮಾಳದ ಗಡಿಯನ್ನು ನಡೆದು ನೋಡಿ, ಬರೆದಿಟ್ಟುಕೊಂಡು ಬರುವೆನು. ತಾವೂ ತಮ್ಮ ತಮ್ಮ ಊರುಗಳಲ್ಲಿ ಹಾಗೆ ಮಾಡಬೇಕೆಂದು ವಿನಂತಿ.